ಎಣ್ಣೆ ಇಳಿಯದ ಜರಡಿ

ಜರಡಿ ಕಿಟಕಿಯ ಕಟ್ಟೆಯ ಮೇಲೆ ಇರಲಿಲ್ಲ.

ಹಿಂದಿನ ಸಂಜೆ ಅವಳೇ ಅದನ್ನು ತೊಳೆದು, ಬೋರಲು ಹಾಕಿ, ಯಾರ ಕೈಗೂ ತಾಗದಿರಲಿ ಎಂದು ಉಪ್ಪಿನ ಡಬ್ಬಿಯ ಹಿಂದೆ ಇಟ್ಟಿದ್ದಳು. ಸ್ನಾನ ಮುಗಿಸಿ ತಲೆ ಒರೆಸಿಕೊಳ್ಳುತ್ತ ಅಡುಗೆಮನೆಗೆ ಬಂದು ನೋಡಿದರೆ ಉಪ್ಪಿನ ಡಬ್ಬಿ ಇತ್ತು, ಅದರ ಹಿಂದೆ ಬಿಸಿಲಿನ ಒಂದು ತುಂಡು ಮಾತ್ರ ಬಿದ್ದಿತ್ತು.

"ಅತ್ತೆ, ಇಲ್ಲೊಂದು ಜರಡಿ ಇತ್ತಲ್ಲ?"

"ಅದಾ? ಕೆಟ್ಟುಹೋಗಿತ್ತಮ್ಮ. ರಿಪೇರಿಗೆ ಕೊಟ್ಟೆ," ಎಂದರು ಅತ್ತೆ, ಟೀ ಆರಿಸುತ್ತ.

ಜರಡಿ ಕೆಡುವುದೆಂದರೇನು ಎಂದು ಅವಳಿಗೆ ಹೊಳೆಯಲಿಲ್ಲ. ಅದರಲ್ಲಿ ಇರುವುದೇ ತೂತು. ಅತ್ತೆ ವಿವರಿಸಿದರು. ರಾತ್ರಿ ಆಲೂಗಡ್ಡೆ ಕರಿದ ಎಣ್ಣೆ ಮಿಕ್ಕಿತ್ತು. ನಸುಕಿನಲ್ಲೇ ಎದ್ದು, ಸೋಸಿ ಬಾಟಲಿಗೆ ತುಂಬೋಣ ಎಂದು ಸೊಸೆಯ ಜರಡಿಗೆ ಹೊಯ್ದರು. ಎಣ್ಣೆ ಇಳಿಯಲಿಲ್ಲ. ಬಾಗಿಲಲ್ಲಿ ಕೂತ ನೆಂಟನ ಹಾಗೆ ಮೇಲೆಯೇ ಕೂತುಬಿಟ್ಟಿತು. ತಟ್ಟಿದರು, ಅಲ್ಲಾಡಿಸಿದರು, ಕೆಳಗಿನಿಂದ ಊದಿಯೂ ನೋಡಿದರು.

"ಆಮೇಲೆ ಎಣ್ಣೆ ವಾಪಸು ಬಾಣಲೆಗೆ ಬಗ್ಗಿಸಿ ನೀರು ಹಾಕಿ ನೋಡಿದೆ. ನೀರು ಸರ್ರಂತ ಇಳೀತು. ಎಣ್ಣೆ ಮಾತ್ರ ಇಳಿಯಲ್ಲ. ಆಗ ಗೊತ್ತಾಯ್ತು, ಅರ್ಧ ಕೆಟ್ಟಿದೆ ಅಂತ."

ಅವಳು ಗೋಡೆಗೆ ಒರಗಿದಳು. ಮೂರು ವರ್ಷ ಅವಳು ಪ್ರಯೋಗಾಲಯದಲ್ಲಿ ಹೆಣಗಿದ್ದು ಜರಡಿಯನ್ನು ಈ ರೀತಿ ಅರ್ಧ ಕೆಡಿಸುವುದಕ್ಕಾಗಿಯೇ. ತಂತಿಯ ಜಾಲರಿಗೆ ಕಣ್ಣಿಗೆ ಕಾಣದಷ್ಟು ತೆಳ್ಳಗೆ ಒಂದು ಪಾಲಿಮರ್ ಲೇಪ ಕೊಡಬೇಕು. ನೀರಿಗೆ ಅದು ದಾರಿ ಬಿಡಬೇಕು, ಎಣ್ಣೆಗೆ ಬಿಡಬಾರದು. ಜಿಡ್ಡು ಅಂಟಬಾರದು, ಅಂಟಿದರೂ ಒಂದು ಲೋಟ ನೀರಿಗೆ ತಾನೇ ಜಾರಿ ಹೋಗಬೇಕು. ಎಣ್ಣೆ ಕಲೆತ ಕೊಳಕು ನೀರನ್ನು ಸುರಿದರೆ ನೀರು ಕೆಳಗೆ, ಎಣ್ಣೆ ಮೇಲೆ. ಕೇಳಲು ಸುಲಭ. ಎಷ್ಟೋ ಜಾಲರಿಗಳ ಲೇಪ ಹಾವಿನ ಪೊರೆಯ ಹಾಗೆ ಕಳಚಿ ಬಿದ್ದ ಮೇಲೆ ಒಂದೇ ಒಂದು ಉಳಿದಿತ್ತು. ಅದರ ಬಗ್ಗೆ ಪಕ್ಷಪಾತವಿಲ್ಲದ ಮೊದಲ ಸಾಕ್ಷಿ ಹೇಳಿದವರು ಅತ್ತೆ. ಅದೂ ದೂರಿನ ರೂಪದಲ್ಲಿ.

ಆ ಒಂದನ್ನು ಮನೆಗೆ ತಂದದ್ದೇ ತಪ್ಪಾಯಿತು. ತರದೆ ವಿಧಿಯಿರಲಿಲ್ಲ. ಇವತ್ತು ಬಸ್ ಡಿಪೋದವರು ಪ್ರಯೋಗ ನೋಡಲು ಬರುವವರಿದ್ದರು. ಬಸ್ಸು ತೊಳೆದ ನೀರಿನ ಜೊತೆಗೆ ತಮ್ಮ ಕ್ಯಾಂಟೀನಿನ ನೀರೂ ಒಂದೇ ತೊಟ್ಟಿಗೆ ಬೀಳುತ್ತದೆ ಎಂದು ನಿನ್ನೆ ಸಂಜೆ ತಿಳಿಸಿದ್ದರು. ಪ್ರಯೋಗಾಲಯದಲ್ಲಿ ಜಗತ್ತಿನ ಎಲ್ಲ ಎಣ್ಣೆಗಳೂ ಇದ್ದವು, ಪರೀಕ್ಷಿಸಿ ನೋಡಲು ಕರಿದ ಎಣ್ಣೆ ಒಂದು ಇರಲಿಲ್ಲ. ಮನೆಯಲ್ಲಿ ಅದು ಯಾವಾಗಲೂ ಇತ್ತು.

"ನನ್ನ ಜರಡಿ ಮೇಲಿನ ಮಹಡಿ ಇಸ್ತ್ರಿಯವಳು ಒಯ್ದು ಮೂರು ತಿಂಗಳಾಯ್ತು," ಎಂದರು ಅತ್ತೆ, ಬೈಯುವ ಮೊದಲೇ ಬೈಸಿಕೊಂಡವರ ಮುಖ ಮಾಡಿ. "ಅದಿದ್ದಿದ್ರೆ ನಿನ್ನದಕ್ಕೆ ಯಾಕೆ ಕೈ ಹಾಕ್ತಿದ್ದೆ? ನೀನೇ ಮಾಡಿಸಿಕೊಟ್ಟಿದ್ದು, ನೋಡೋಕೆ ಎರಡೂ ಒಂದೇ ಥರ."

ಅದು ನಿಜ. ಅತ್ತೆಯನ್ನು ಸಮಾಧಾನಪಡಿಸಬೇಕಾದ ಯಾವುದೋ ಒಂದು ಸಂದರ್ಭದಲ್ಲಿ, ಪ್ರಯೋಗಾಲಯದ ಅದೇ ಜಾಲರಿ ಸುರುಳಿಯಲ್ಲಿ ಮಿಕ್ಕ ತುಂಡನ್ನು, ಅದೇ ಸ್ಟೀಲ್ ಬಳೆಗೆ ಕೂರಿಸಿ ಒಂದು ಮಾಮೂಲಿ ಜರಡಿ ಮಾಡಿಕೊಟ್ಟಿದ್ದಳು. ಆ ದಿನದಿಂದ ಕಟ್ಟಡದಲ್ಲೆಲ್ಲ ಅವಳಿಗೆ ಜರಡಿ ಮೇಡಂ ಎಂದೇ ಹೆಸರು.

"ರಿಪೇರಿಗೆ ಯಾರಿಗೆ ಕೊಟ್ರಿ ಅತ್ತೆ?"

"ಇನ್ಯಾರಿಗೆ, ಗಡಿಯಾರದ ತಾತನಿಗೆ. ಸಣ್ಣ ಕೆಲಸಕ್ಕೆ ಅವರ ಕೈಯೇ ಕೈ."

ಜರಡಿ ಮೇಡಂಗೆ ಟೀ ಬೇಡವಾಯಿತು. ಕೂರಲೂ ಆಗಲಿಲ್ಲ. ಒಂದು ಕಾಲಿಗೆ ಮನೆಯ ಚಪ್ಪಲಿ, ಇನ್ನೊಂದಕ್ಕೆ ಹೊರಗಿನದು ಸಿಕ್ಕಿಸಿಕೊಂಡು ಮೆಟ್ಟಿಲಿಳಿದಳು. ಹಿಂದಿನಿಂದ ಗಂಡ, ಪೇಪರಿನ ಮರೆಯಿಂದಲೇ, ಯಾರಾದರೂ ತನ್ನ ಇನ್ನೊಂದು ಕಾಲುಚೀಲ ನೋಡಿದಿರಾ ಎಂದು ಕೇಳುತ್ತಿದ್ದ.

ಗಡಿಯಾರದ ತಾತ ಅಂಗಡಿ ಮುಚ್ಚಿ ಎಷ್ಟೋ ಕಾಲವಾಗಿತ್ತು, ಕೈ ಮಾತ್ರ ಮುಚ್ಚಿರಲಿಲ್ಲ. ಕೆಳಮನೆಯ ಅವರ ಕೋಣೆಯ ಗೋಡೆ ತುಂಬ ಗಡಿಯಾರಗಳು, ಒಂದೊಂದೂ ಒಂದೊಂದು ಹೊತ್ತು ತೋರಿಸುತ್ತಿದ್ದವು. ಅವಳು ತಡವಾಯಿತೋ ಇಲ್ಲವೋ ತಿಳಿಯಲು ತಲೆ ಎತ್ತಿ, ಇನ್ನಷ್ಟು ಗಾಬರಿಯಾಗಿ ತಲೆ ತಗ್ಗಿಸಿದಳು.

ತಾತ ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿಯನ್ನು ತೆಗೆಯದೆಯೇ ಅವಳನ್ನು ನೋಡಿದರು. ಆ ಒಂದು ಕಣ್ಣು ಎಮ್ಮೆಯ ಕಣ್ಣಿನಷ್ಟು ದೊಡ್ಡದಾಗಿ ಕಾಣುತ್ತಿತ್ತು.

"ನಿನ್ನ ಜರಡಿಯ ತೂತೆಲ್ಲ ಮುಚ್ಕೊಂಡಿತ್ತು ಮಗಳೇ. ಬರಿಗಣ್ಣಿಗೆ ಕಾಣಲ್ಲ, ಪೊರೆ ಕಟ್ಟಿದೆ. ಸೂಜಿ ತಗೊಂಡು ಒಂದೊಂದೇ ಬಿಡಿಸ್ತಾ ಬಂದೆ."

"ಸೂಜಿ ಹಾಕಿದ್ರಾ ತಾತ?"

"ಅಂಚಲ್ಲಿ ಒಂದು ಹೆಬ್ಬೆರಳಿನಷ್ಟು ಜಾಗ ಬಿಡಿಸಿದೆ. ಅಲ್ಲಿ ಎಣ್ಣೆ ಸಲೀಸಾಗಿ ಇಳಿಯೋಕೆ ಶುರುವಾಯ್ತು. ಮಧ್ಯಾಹ್ನದ ಹೊತ್ತಿಗೆ ಪೂರ್ತಿ ಸರಿ ಮಾಡಿಬಿಡ್ತಿದ್ದೆ, ಅಷ್ಟರಲ್ಲಿ ಆ ಇಸ್ತ್ರಿಯವಳು ಬಂದು ಸೂಪು ಸೋಸೋಕೆ ಬೇಕು ಅಂತ ಕಿತ್ಕೊಂಡು ಹೋದಳು. ಅರ್ಧ ಕೆಲಸ ಅಂದ್ರೆ ನನಗೆ ಆಗಲ್ಲ. ತಗೊಂಡು ಬಾ, ಮುಗಿಸಿಕೊಡ್ತೀನಿ."

ಮೂರು ವರ್ಷದ ಕೆಲಸಕ್ಕೆ ಹೆಬ್ಬೆರಳಿನಷ್ಟು ಜಾಗದಲ್ಲಿ ಸೂಜಿ ಬಿದ್ದಿದೆ ಎಂದು ಕೇಳಿದ ಹೆಣ್ಣಿಗೆ ಅಳು ಬರಬೇಕಿತ್ತು. ಅವಳಿಗೆ ಅಳಲು ಸಮಯವಿರಲಿಲ್ಲ. ತಾತನಿಗೆ ಥ್ಯಾಂಕ್ಸ್ ಹೇಳಿ ಮೇಲಕ್ಕೆ ಓಡಿದಳು. ಯಾಕೆ ಥ್ಯಾಂಕ್ಸ್ ಹೇಳಿದೆ ಎಂದು ಎರಡನೇ ಮಹಡಿಯಲ್ಲಿ ಹೊಳೆಯಿತು. ಅಭ್ಯಾಸ. ಮನೆಯಲ್ಲೂ ಕೆಲಸದಲ್ಲೂ ಅವಳದು ಅದೇ ಪಾಡು: ತನ್ನದನ್ನು ಕೆಡಿಸಿದವರಿಗೆ ಕೃತಜ್ಞತೆ ಹೇಳಿ ಬರುವುದು. ಯಾರು ಆಡಿದ ಮಾತೂ ಅವಳ ಮೈಗೆ ಅಂಟಿಕೊಂಡು ದಿನಗಟ್ಟಲೆ ಜಿಡ್ಡಾಗಿ ಉಳಿಯುತ್ತಿತ್ತು. ಎಷ್ಟೋ ಸಲ ಲೇಪದ ಮುಂದೆ ಕೂತು ಅವಳು ಯೋಚಿಸಿದ್ದುಂಟು: ಇದನ್ನು ತಂತಿಗೆ ಬಳಿಯುವ ಬದಲು ನನಗೇ ಬಳಿದುಕೊಂಡಿದ್ದರೆ.

ಮೇಲಿನ ಮಹಡಿಯ ಬಾಗಿಲು ತೆರೆದೇ ಇತ್ತು. ಒಳಗೆ ಹಬೆ. ಹಬೆಯ ನಡುವೆ ಆಸ್ಪತ್ರೆಯ ಬಿಳಿ ಕೋಟುಗಳು ಸಾಲಾಗಿ ನೇತಾಡುತ್ತಿದ್ದವು, ಒಳಗೆ ವೈದ್ಯರಿಲ್ಲದೆಯೂ ವೈದ್ಯರಷ್ಟೇ ಬಿಗುಮಾನದಿಂದ. ಇಸ್ತ್ರಿ ಅಕ್ಕನ ಗಂಜಿಯ ಮಹಿಮೆ ಅದು. ಆಸ್ಪತ್ರೆಯ ಕೋಟು, ಹೋಟೆಲಿನ ಮೇಜುಬಟ್ಟೆ, ಜರಡಿ ಮೇಡಂನ ಪ್ರಯೋಗಾಲಯದ ಕೋಟು, ಎಲ್ಲಕ್ಕೂ ಗಂಜಿ ಹಾಕಿ ಇಸ್ತ್ರಿ ಮಾಡುವವಳು ಅವಳೇ. ಈ ಸುತ್ತಿನಲ್ಲಿ ಇನ್ಯಾರು ಗಂಜಿ ಹಾಕಿದರೂ ಬಟ್ಟೆ ಅಷ್ಟು ಸೆಟೆದು ನಿಲ್ಲುತ್ತಿರಲಿಲ್ಲ.

ಅಕ್ಕ ಒಲೆಯ ಮುಂದೆ ಇದ್ದಳು. ಒಂದು ಕೈಯಲ್ಲಿ ಕೋಳಿ ಸೂಪಿನ ಪಾತ್ರೆ, ಇನ್ನೊಂದರಲ್ಲಿ ಜರಡಿ.

"ಬಾ ಬಾ, ನಿನ್ನನ್ನೇ ನೆನೆಸ್ಕೊಂಡೆ," ಎಂದಳು. "ಇದೇನೇ ಇದು ಮಾಯೆ? ಜಿಡ್ಡೆಲ್ಲ ಮೇಲೆ ನಿಂತುಬಿಡ್ತು ನೋಡು, ಕೆಳಗೆ ಬರೀ ನೀರು. ಡಾಕ್ಟರು ಕೊಬ್ಬು ಬಿಡು ಅಂತಾರೆ, ಹೇಗೆ ಬಿಡೋದು ಅಂತ ಹೇಳಲ್ಲ. ನಿನ್ನ ಜರಡಿ ಹೇಳ್ತು."

ಜರಡಿ ಮೇಡಂಗೆ ಒಂದು ಕ್ಷಣ ಬಂದ ಕೆಲಸ ಮರೆತೇಹೋಯಿತು. ತನ್ನ ಕೆಲಸವನ್ನು ಹೀಗೆ ಬಾಯಿತುಂಬ ಹೊಗಳಿದವರು ಇದುವರೆಗೆ ಯಾರೂ ಇರಲಿಲ್ಲ. ಡೈರೆಕ್ಟರು "ಪರವಾಗಿಲ್ಲ, ಮುಂದುವರಿಸಿ" ಎನ್ನುತ್ತಿದ್ದರು. ಗಂಡ "ಇದರಿಂದ ಏನು ಉಪಯೋಗ" ಎನ್ನುತ್ತಿದ್ದ. ಬಗ್ಗಿ ಸೂಪಿನ ಪಾತ್ರೆ ನೋಡಿದಳು. ನಿಜಕ್ಕೂ ಒಂದು ಹನಿ ಜಿಡ್ಡು ಕೂಡ... ಇಲ್ಲ, ಒಂದಿಷ್ಟು ಇತ್ತು. ಸೂಜಿಯ ಜಾಗದಿಂದ ಇಳಿದಿರಬೇಕು. ಬಂದ ಕೆಲಸ ನೆನಪಾಯಿತು.

"ಅಕ್ಕ, ಕೊಡಿ ಅದನ್ನ. ಈಗಲೇ ಬೇಕು."

"ಎರಡು ದಿನ ಇಟ್ಕೋತೀನಿ ಕಣೇ."

"ಇವತ್ತು ಅದಿಲ್ಲದಿದ್ರೆ ನನ್ನ ಮೇಜು ಬಣ್ಣದ ವಿಭಾಗಕ್ಕೆ ಹೋಗುತ್ತೆ ಅಕ್ಕ. ಮೇಜಿನ ಹಿಂದೆ ನಾನೂ ಮನೆಗೆ ಹೋಗ್ತೀನಿ."

ಅದು ಉತ್ಪ್ರೇಕ್ಷೆಯಲ್ಲ. ಡೈರೆಕ್ಟರು ಹೋದ ವಾರವೇ ಹೇಳಿದ್ದರು: ಡಿಪೋದವರು ಒಪ್ಪಿದರೆ ಅವಳ ಕೆಲಸ ಮುಂದುವರಿಯುತ್ತದೆ, ಒಪ್ಪದಿದ್ದರೆ ಈ ಜಾಗವನ್ನು ಬಣ್ಣದ ವಿಭಾಗಕ್ಕೆ ಬಿಟ್ಟುಕೊಟ್ಟು ಅವಳು ಹೊರಡಬೇಕು. ಅವಳಿಗೆ ಮನೆಗೆ ಹೋಗುವ ಭಯವಿರಲಿಲ್ಲ. ಮನೆಯಲ್ಲೇ ಇರುವ ಭಯವಿತ್ತು. ದಿನವಿಡೀ ಅತ್ತೆ, ಪೇಪರು, ಜೊತೆ ತಪ್ಪಿದ ಕಾಲುಚೀಲಗಳು.

ಇಸ್ತ್ರಿ ಅಕ್ಕ ಅವಳ ಮುಖ ನೋಡಿದಳು. ಜರಡಿಯ ಮುಖವನ್ನೂ ನೋಡಿದಳು. ನಿಟ್ಟುಸಿರು ಬಿಟ್ಟಳು.

"ಸರಿ ಬಿಡು. ಸೂಪಿನ ಜಿಡ್ಡಾಗಿದೆ, ತೊಳೆದು ಕೊಡ್ತೀನಿ. ನೀನು ಒಳಗೆ ಬರಬೇಡ, ಬಚ್ಚಲ ನೆಲವೆಲ್ಲ ಗಂಜಿ. ಜಾರಿ ಬಿದ್ದೀಯ."

ಒಳಗೆ ನಲ್ಲಿಯ ಸದ್ದಾಯಿತು. ಸ್ವಲ್ಪ ಹೊತ್ತಿಗೆ ಅಕ್ಕ ಒದ್ದೆ ಬಟ್ಟೆಯಲ್ಲಿ ಸುತ್ತಿದ ಜರಡಿಯನ್ನೂ, ಹಲಗೆಯ ಹಾಗೆ ಸೆಟೆದ ಅವಳ ಬಿಳಿ ಕೋಟನ್ನೂ ತಂದುಕೊಟ್ಟಳು. ಮೆಟ್ಟಿಲ ಕಿಟಕಿಯ ಬೆಳಕಿಗೆ ಜರಡಿಯನ್ನು ಹಿಡಿದು ಅವಳು ಅಂಚಿನ ಸುತ್ತ ಕಣ್ಣಾಡಿಸಿದಳು. ಒಂದು ಸುತ್ತು, ಮತ್ತೊಂದು ಸುತ್ತು. ಎಲ್ಲೂ ಸೂಜಿಯ ಗುರುತಿರಲಿಲ್ಲ. ತೂತುಗಳೆಲ್ಲ ಒಂದೇ ಸಮ. ರಿಪೇರಿಯವರೆಲ್ಲ ಹೀಗೇ, ಮಾಡದ ಕೆಲಸಕ್ಕೂ ಬಡಾಯಿ ಕೊಚ್ಚುತ್ತಾರೆ ಎಂದುಕೊಂಡು, ತಾತನನ್ನು ಮನಸ್ಸಿನಲ್ಲೇ ಕ್ಷಮಿಸಿ ಬಸ್ಸಿಗೆ ಓಡಿದಳು.

ಬಸ್ಸಿನಲ್ಲಿ ಸೀಟು ಖಾಲಿ ಇತ್ತು. ಅವಳು ಕೂರಲಿಲ್ಲ. ಕೂತರೆ ಬಸ್ಸು ನಿಧಾನವಾಗುತ್ತದೆ ಎಂಬಂತೆ ಬಾಗಿಲ ಬಳಿ ಕಂಬ ಹಿಡಿದು, ಚೀಲವನ್ನು ಎದೆಗವಚಿಕೊಂಡು ನಿಂತಳು. ಒದ್ದೆ ಬಟ್ಟೆಯಿಂದ ತೊಟ್ಟಿಕ್ಕಿದ ನೀರು ಪಕ್ಕದವರ ಬೂಟಿನೊಳಗೆ ಇಳಿಯಿತು. ಮಗು ಎಲ್ಲಿದೆ ಎಂದು ಅವರು ಸುತ್ತ ನೋಡಿದರು. ಅವಳು ಕಿಟಕಿಯ ಆಚೆ ನೋಡಿದಳು.

ಪ್ರಯೋಗಾಲಯಕ್ಕೆ ಕಾಲಿಟ್ಟಾಗ ಅವಳ ಮೇಜನ್ನು ಅಳೆಯಲಾಗುತ್ತಿತ್ತು. ಬಣ್ಣದ ವಿಭಾಗದ ಮುಖ್ಯಸ್ಥರು (ಎಲ್ಲರೂ ಅವರನ್ನು ಬಣ್ಣದ ಸಾಹೇಬರು ಎನ್ನುತ್ತಿದ್ದರು) ಒಂದು ತುದಿಯಲ್ಲಿ ಟೇಪಿನ ಕೊಂಡಿ ಸಿಕ್ಕಿಸಿ, ಇನ್ನೊಂದು ತುದಿಗೆ ನಡೆಯುತ್ತಿದ್ದರು.

"ತಪ್ಪು ತಿಳೀಬೇಡಿ ಮೇಡಂ. ನಮ್ಮ ಮಿಕ್ಸರ್ ಹೊಸದು ಬರ್ತಿದೆ, ಹಿಡಿಸುತ್ತಾ ಅಂತ ಸುಮ್ನೆ ನೋಡ್ದೆ. ನಿಮ್ಮ ಪ್ರಯೋಗ ಚೆನ್ನಾಗಾಗಲಿ." ಅವರಿಗೂ ಅವಳಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ಯಾರು ಎಣ್ಣೆ, ಯಾರು ಸೀಗೆಕಾಯಿ ಎಂಬುದು ದಿನಕ್ಕೊಂದು ಥರ.

ಡೈರೆಕ್ಟರು ತಮ್ಮ ಬೋಳುತಲೆಯನ್ನು ಸವರಿಕೊಳ್ಳುತ್ತ ಅತ್ತಿಂದಿತ್ತ ಓಡಾಡುತ್ತಿದ್ದರು. ತೋರಿಕೆಗೆಂದು ಗಾಜಿನ ಜಾಡಿಯಲ್ಲಿ ನೀಲಿ ಬಣ್ಣದ ನೀರಿನ ಮೇಲೆ ಕೆಂಪು ಬಣ್ಣದ ಎಣ್ಣೆ ತೇಲಿಸಿ ಇಟ್ಟಿದ್ದರು. ಅಷ್ಟರಲ್ಲಿ ಡಿಪೋದ ಮ್ಯಾನೇಜರಮ್ಮ ಬಂದರು. ಗ್ಯಾರೇಜಿನ ಗುಂಡಿಯಿಂದ ಮೇಲೇರಿ ಕುರ್ಚಿಗೆ ಬಂದ ಹೆಂಗಸು. ಉಗುರಿನ ಸಂದಿಯಲ್ಲಿ ಇನ್ನೂ ಹಳೆಯ ಗ್ರೀಸಿತ್ತು. ಹಿಂದೆ ಒಬ್ಬ ಚಾಲಕ ಎರಡು ಬಕೆಟ್ ಹೊತ್ತು ತಂದ. ಮ್ಯಾನೇಜರಮ್ಮ ಗಾಜಿನ ಜಾಡಿಯನ್ನು ಒಂದು ಬೆರಳಿನಿಂದ ಪಕ್ಕಕ್ಕೆ ಸರಿಸಿದರು.

"ಇದು ಶರಬತ್ತಿನ ಹಾಗಿದೆ ಸಾರ್. ನಮ್ಮ ತೊಟ್ಟಿಯಲ್ಲಿ ಇಂಥ ಚೆಂದದ ನೀರಿಲ್ಲ. ಈ ಬಕೆಟ್ಟಿನದನ್ನ ಸೋಸಿ ತೋರಿಸಿ."

ಬಕೆಟ್ಟಿನಲ್ಲಿದ್ದದ್ದನ್ನು ನೀರು ಎನ್ನುವುದು ಔದಾರ್ಯ. ಬಸ್ಸುಗಳ ಹೊಟ್ಟೆ ತೊಳೆದು ಬಂದ ಕಪ್ಪು ದ್ರವ, ಮೇಲೆ ಇಂಜಿನ್ ಎಣ್ಣೆ, ಅದರ ಮೇಲೆ ಕ್ಯಾಂಟೀನಿನ ಜಿಡ್ಡಿನ ಕಣ್ಣುಗಳು. ಡೈರೆಕ್ಟರು ತಲೆ ಸವರಿಕೊಳ್ಳುವುದನ್ನು ನಿಲ್ಲಿಸಿ ಅಲ್ಲೇ ಕೈ ಇಟ್ಟುಕೊಂಡರು. ಬಣ್ಣದ ಸಾಹೇಬರು ಮೇಜಿನ ಎತ್ತರವನ್ನೂ ಅಳೆದರು.

ಜರಡಿ ಮೇಡಂ ಕೋಟು ತೊಟ್ಟಳು. ಅದು ಕಟ್ ಕಟ್ ಎಂದಿತು. ಜರಡಿಯನ್ನು ಬಟ್ಟೆಯಿಂದ ಬಿಡಿಸಿ, ಎಂದಿನ ಅಭ್ಯಾಸದಂತೆ ಒಮ್ಮೆ ನಲ್ಲಿಯ ಕೆಳಗೆ ನೆನೆಸಿದಳು. ಕೈಗೆ ಒಂದಿಷ್ಟು ಜಾರಿದಂತಾಯಿತು. ಎಲ್ಲೋ ಹುಳಿ ಹುಳಿ ವಾಸನೆ. ತನ್ನ ಬೆವರೇ ಇರಬೇಕು. ಬೀಕರಿನ ಬಾಯಿಗೆ ಜರಡಿ ಇಟ್ಟು, ಕಣ್ಣು ಮುಚ್ಚಿ ಬಕೆಟ್ ಬಗ್ಗಿಸಿದಳು. ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡರಂತೆ ಎಂಬ ಗಾದೆ ಅಕ್ಷರಶಃ ಅವಳದಾಯಿತು.

ನೀರು ಬೀಳುವ ಸದ್ದು ಕೇಳಿಸಿತು. ಕಣ್ಣು ತೆರೆದಳು.

ಕೆಳಗೆ ನೀರು. ಒಂದಿಷ್ಟು ಮಸುಕು, ಆದರೆ ಮೇಲ್ಮೈ ಮೇಲೆ ಎಣ್ಣೆಯ ಒಂದು ಬಣ್ಣದ ಗೆರೆಯೂ ಇಲ್ಲ. ಜರಡಿಯ ಮೇಲೆ ಎಣ್ಣೆ ಕಪ್ಪು ಬೆಕ್ಕಿನ ಹಾಗೆ ಮುದುಡಿ ಕೂತಿತ್ತು. ಓರೆ ಮಾಡಿದಳು, ಬೆಕ್ಕು ಹಾಗೇ ಎದ್ದು ಡಬ್ಬಿಗೆ ಜಾರಿತು. ಒಂದು ಲೋಟ ನೀರು ಸುರಿದಳು; ಜರಡಿ ಫಳಫಳ. ಅವಳ ಜರಡಿ ಯಾವತ್ತೂ ಇಷ್ಟು ಬೇಗ ಸೋಸಿದ್ದಿಲ್ಲ, ಇಷ್ಟು ಸ್ವಚ್ಛವಾಗಿ ಬಿಟ್ಟುಕೊಟ್ಟಿದ್ದೂ ಇಲ್ಲ.

"ಇನ್ನೊಮ್ಮೆ," ಎಂದರು ಮ್ಯಾನೇಜರಮ್ಮ.

ಇನ್ನೊಮ್ಮೆ ಆಯಿತು. ಮತ್ತೊಮ್ಮೆ ಆಯಿತು. ಎರಡನೇ ಬಕೆಟ್ಟೂ ಮುಗಿಯಿತು. ಟೇಪು ಸರ್ರನೆ ಸುತ್ತಿಕೊಂಡು ತನ್ನ ಡಬ್ಬಿಗೆ ಸೇರಿದ ಸದ್ದು ಕೇಳಿಸಿತು.

ಆಮೇಲೆ ಜರಡಿ ಮೇಡಂ ಮಾತಾಡಿದಳು. ಸಭೆಗಳಲ್ಲಿ ಬಿಸ್ಕತ್ತಿನ ತಟ್ಟೆ ದಾಟಿಸುವಾಗ ಮಾತ್ರ ಬಾಯಿ ತೆರೆಯುತ್ತಿದ್ದವಳು, ಯಾರೂ ಕೇಳದೆಯೇ, ಮೂರು ವರ್ಷದ ಕಥೆ ಹೇಳಿದಳು. ಲೇಪದ ಹದ ಕಂಡುಕೊಂಡದ್ದು, ಅದು ಕಳಚದಂತೆ ಕಾವು ಕೊಟ್ಟದ್ದು, ನೀರನ್ನು ಪ್ರೀತಿಸಿ ಎಣ್ಣೆಯನ್ನು ದೂರ ಇಡುವ ಗುಣ ತರಲು ಪಟ್ಟ ಪಾಡು. ಹೇಳುತ್ತ ಹೇಳುತ್ತ ಅವಳ ಬೆನ್ನು ಕೋಟಿನಷ್ಟೇ ನೆಟ್ಟಗಾಯಿತು.

"ತೊಳೆಯೋ ರಗಳೆ ಇಲ್ವಾ?" ಎಂದರು ಮ್ಯಾನೇಜರಮ್ಮ.

"ಇಲ್ಲ ಮೇಡಂ. ತನ್ನನ್ನ ತಾನೇ ತೊಳ್ಕೊಳ್ಳುತ್ತೆ. ಅದೇ ಇದರ ವಿಶೇಷ."

"ಸರಿ. ಹಾಗಾದ್ರೆ ಮುಂದಿನ ವಾರ ಇಂಥದ್ದೇ ಹತ್ತು ಬೇಕು. ಇಂಥದ್ದೇ ಅಂದ್ರೆ ಇಂಥದ್ದೇ. ಸುಧಾರಿಸಿದ್ದು, ಬದಲಾಯಿಸಿದ್ದು ಅಂತ ತರಬೇಡಿ. ಇದನ್ನ ಈಗ ನಾನು ಒಯ್ತೀನಿ, ನಾಳೆ ಬೆಳಿಗ್ಗೆ ನಮ್ಮ ದೊಡ್ಡ ಸಾಹೇಬರಿಗೆ ತೋರಿಸಬೇಕು."

ಡೈರೆಕ್ಟರು ಅವಳ ಪರವಾಗಿ ತಾವೇ ಮಾತು ಕೊಟ್ಟುಬಿಟ್ಟರು. ಹತ್ತು ಬಂದರೆ ಮೇಜು ಅವಳದು, ಬಾಗಿಲಿಗೆ ಅವಳ ಹೆಸರಿನ ಫಲಕ ಎಂದೂ ಸೇರಿಸಿದರು. ಬಾರದಿದ್ದರೆ ಏನು ಎಂಬುದನ್ನು ಬಣ್ಣದ ಸಾಹೇಬರು ಕಿಸೆಯ ಟೇಪು ಮುಟ್ಟಿ ನೋಡಿಕೊಳ್ಳುವ ಮೂಲಕ ಸೂಚಿಸಿದರು.

ಸಂಜೆ ಅವಳು ಮೆಟ್ಟಿಲನ್ನು ಎರಡೆರಡಾಗಿ ಹತ್ತಿದಳು. ಗಂಡನಿಗೆ ಸುದ್ದಿ ಹೇಳಿದಾಗ ಅವನು ಬಹಳ ಒಳ್ಳೆಯದಾಯಿತು ಎಂದು, ಕಾಲುಚೀಲ ಸಿಕ್ಕಿದ ಸುದ್ದಿಯನ್ನು ಅಷ್ಟೇ ಸಂತೋಷದಿಂದ ಹೇಳಿದ. ಇವತ್ತು ಅದು ಅವಳಿಗೆ ಅಂಟಲಿಲ್ಲ. ಲೇಪ ಕೆಲಸ ಮಾಡುತ್ತಿದೆ ಎಂದುಕೊಂಡಳು.

ಅತ್ತೆ ಅಡುಗೆಮನೆಯಿಂದ ಬಂದು ಕೈ ಚಾಚಿದರು.

"ಕೊಡಮ್ಮ."

"ಏನು ಅತ್ತೆ?"

"ನನ್ನ ಜರಡಿ. ಮಧ್ಯಾಹ್ನ ಇಸ್ತ್ರಿಯವಳು ಬಂದು ಹೇಳಿ ಹೋದಳು. 'ನಿಮ್ಮ ಜರಡಿ ಬೆಳಿಗ್ಗೆ ನಿಮ್ಮ ಸೊಸೆ ಕೈಲಿ ಕೊಟ್ಟುಬಿಟ್ಟೆ, ಇನ್ನು ಮೇಲೆ ಮೆಟ್ಟಿಲಲ್ಲಿ ಸಿಕ್ಕಿದಾಗೆಲ್ಲ ಕೇಳಬೇಡಿ' ಅಂದ್ಲು."

ಜರಡಿ ಮೇಡಂ ಅತ್ತೆಯ ಚಾಚಿದ ಕೈಯನ್ನೇ ನೋಡುತ್ತ ನಿಂತಳು. ಆ ಕೈ ಖಾಲಿಯಾಗಿತ್ತು. ಸೂಜಿಯ ಗುರುತಿರಲಿಲ್ಲ. ಕೈಗೆ ಜಾರುತ್ತಿತ್ತು. ಹುಳಿ ವಾಸನೆ. ಬೆಳಗಿನಿಂದ ಒಂದೊಂದಾಗಿ ಬಂದು ಅವಳ ಬಾಗಿಲು ತಟ್ಟಿದ್ದ ವಿಷಯಗಳೆಲ್ಲ ಈಗ ಒಟ್ಟಿಗೆ ಒಳಗೆ ನುಗ್ಗಿದವು. ಅವಳು ಮೇಲಕ್ಕೆ ಓಡಿದಳು.

ಇಸ್ತ್ರಿ ಅಕ್ಕ ಸೂಪು ಸೋಸುತ್ತಿದ್ದಳು. ಅವಳ ಕೈಯ ಜರಡಿಯ ಅಂಚಿನಲ್ಲಿ, ಹೆಬ್ಬೆರಳಿನಷ್ಟು ಜಾಗದಲ್ಲಿ, ತಾತನ ಸೂಜಿ ಬಿಡಿಸಿದ ತೂತುಗಳು ಒಂದೊಂದೂ ಬಾಯಿ ಬಿಟ್ಟು ನಗುತ್ತಿದ್ದವು. ತಾತ ಬಡಾಯಿ ಕೊಚ್ಚಿರಲಿಲ್ಲ.

"ಮೋಸ ಅಲ್ಲ ಕಣೇ," ಎಂದಳು ಅಕ್ಕ, ಸೌಟು ಕೆಳಗಿಡದೆ. "ನಿಮ್ಮ ಮನೆಯಿಂದ ಬಂದದ್ದು ಎರಡು ಜರಡಿ. ಒಂದು ವಾಪಸು ಕೊಟ್ಟೆ. ಎರಡೂ ಕೇಳೋಕೆ ನಿನಗೂ ಮನಸ್ಸು ಬರಬಾರದು. ಯಾಕೆ, ಅದು ಕೆಲಸ ಮಾಡಲಿಲ್ವಾ?"

"ಮಾಡ್ತು ಅಕ್ಕ," ಎಂದಳು ಅವಳು. "ನನ್ನದಕ್ಕಿಂತ ಚೆನ್ನಾಗಿ ಮಾಡ್ತು."

ಆ ಜರಡಿಗೆ ಯಾವ ಪಾಲಿಮರನ್ನೂ ಅವಳು ಬಳಿದಿರಲಿಲ್ಲ. ಮೂಲೆಯಲ್ಲಿದ್ದ ಗಂಜಿಯ ಪಾತ್ರೆಯ ಕಡೆ ನೋಡಿದಳು, ಅರ್ಥವಾಯಿತು. ಮೂರು ತಿಂಗಳು ದಿನವೂ ಗಂಜಿ ಸೋಸಿದ ಜರಡಿ. ತಂತಿ ತಂತಿಗೂ ಗಂಜಿಯ ತೆಳ್ಳನೆಯ ಪೊರೆ ಕೂತಿದೆ. ನೆನೆದರೆ ಅದು ನೀರನ್ನು ಕುಡಿದು ಹಿಡಿದುಕೊಳ್ಳುತ್ತದೆ. ನೀರು ಹಿಡಿದ ಮೈಗೆ ಎಣ್ಣೆ ಅಂಟುವುದಿಲ್ಲ. ಅವಳು ಮೂರು ವರ್ಷ ಹುಡುಕಿದ್ದು ಅವಳ ನೆತ್ತಿಯ ಮೇಲಿನ ಮಹಡಿಯಲ್ಲೇ ಕುದಿಯುತ್ತಿತ್ತು. ಅವಳು ತೊಟ್ಟ ಕೋಟಿನಲ್ಲೂ ಇತ್ತು. ಅಷ್ಟು ವರ್ಷದ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಆದರೂ ಒಂದು ಆಸೆ ಹೊಳೆಯಿತು. ಗಂಜಿಯಾದರೆ ಗಂಜಿ. ಗುಟ್ಟು ತಿಳಿದರೆ ವಾರದಲ್ಲಿ ಹತ್ತಲ್ಲ, ನೂರು ಜರಡಿ ಮಾಡಬಹುದು.

"ಅಕ್ಕ, ನಿಮ್ಮ ಗಂಜಿ ಹೇಗೆ ಮಾಡ್ತೀರಿ? ಜರಡಿಯನ್ನ ಏನು ಮಾಡ್ತೀರಿ?"

"ಅದು ನನ್ನ ಹೊಟ್ಟೆಪಾಡಿನ ಗುಟ್ಟು," ಎಂದಳು ಅಕ್ಕ. ಸೂಪಿನ ಜರಡಿಯನ್ನು ಎದೆಗೆ ಹಿಡಿದು ಒಂದು ಕ್ಷಣ ಯೋಚಿಸಿದಳು. "ಹೇಳ್ತೀನಿ. ಆದ್ರೆ ಇದು ನನಗೇ ಬಿಡಬೇಕು. ಇನ್ನೆಂದೂ ಕೇಳಬಾರದು."

ಮೂರು ವರ್ಷದ ಕೆಲಸವನ್ನು ಜರಡಿ ಮೇಡಂ ಒಂದು ಸಲ ನೋಡಿದಳು. ಅದರ ಮೇಲೆ ಕೋಳಿಯ ಜಿಡ್ಡು ಚಿನ್ನದ ಹಾಗೆ ಹೊಳೆಯುತ್ತಿತ್ತು. "ಇಟ್ಕೊಳ್ಳಿ," ಎಂದಳು.

ಅಕ್ಕ ಬಾಗಿಲು ಮುಂದೆ ಮಾಡಿ ಬಂದು, ದನಿ ತಗ್ಗಿಸಿದಳು.

"ಗಂಜಿ ಎಲ್ಲರ ಥರಾನೇ. ಗುಟ್ಟಿರೋದು ಜರಡಿಯಲ್ಲಿ. ದಿನಾ ಗಂಜಿ ಸೋಸ್ತೀನಿ, ಹಾಗೇ ಇಸ್ತ್ರಿಪೆಟ್ಟಿಗೆ ಪಕ್ಕ ಒಣಗೋಕೆ ಇಡ್ತೀನಿ. ಮೂರು ತಿಂಗಳಿಂದ ಅದನ್ನ ಒಂದೇ ಒಂದ್ಸಲಾನೂ ತೊಳೆದಿಲ್ಲ. ಮೊನ್ನೆ ಮೊನ್ನೆ ಹದಕ್ಕೆ ಬಂತು. ನಿನ್ನ ಅತ್ತೆಗೆ ಮಾತ್ರ ಹೇಳಬೇಡ."

"ಬೆಳಿಗ್ಗೆ ತೊಳೆದು ಕೊಡ್ತೀನಿ ಅಂದ್ರಲ್ಲ ಅಕ್ಕ?"

"ನೀರು ತೋರಿಸಿದೆ."

ಮೂರು ತಿಂಗಳು. ಕೊಟ್ಟ ಮಾತು ಒಂದು ವಾರ. ಜರಡಿ ಮೇಡಂ ಬಾಯಿ ತೆರೆಯುವಷ್ಟರಲ್ಲಿ ಕೋಟಿನ ಕಿಸೆಯಲ್ಲಿ ಫೋನು ಗುಣುಗುಟ್ಟಿತು. ಡೈರೆಕ್ಟರು. ಅವರ ಸಂತೋಷ ಫೋನಿನಿಂದ ಹೊರಗೆ ಚೆಲ್ಲುತ್ತಿತ್ತು. ಡಿಪೋದವರು ಈಗಷ್ಟೇ ಮಾತಾಡಿದ್ದರಂತೆ. ಇಂಥ ಅಪರೂಪದ ವಸ್ತುವನ್ನು ದೊಡ್ಡ ಸಾಹೇಬರ ಮುಂದೆ ಹಾಗೇ ಇಡುವುದು ಸರಿಯಲ್ಲ ಎಂದು ಮ್ಯಾನೇಜರಮ್ಮ ತಾವೇ ಮುಂದೆ ನಿಂತು, ಕುದಿಯುವ ನೀರಿಗೆ ಸೋಡಾ ಹಾಕಿ, ಬ್ರಷ್ಷಿನಲ್ಲಿ ತಿಕ್ಕಿಸಿ, ಹೊಸದರ ಹಾಗೆ ಮಾಡಿಸಿದ್ದಾರಂತೆ.

"ಏನೋ ಬಿಳೀ ಪೊರೆ ಇತ್ತಂತೆ ಮೇಡಂ, ಪೂರ್ತಿ ಹೋಯ್ತಂತೆ. ಈಗ ಕನ್ನಡಿ ಥರ ಇದೆಯಂತೆ. ನಾಳೆ ನೀವೂ ಬೇಗ ಬನ್ನಿ."

ಬರುತ್ತೇನೆ ಎಂದಳೋ, ಥ್ಯಾಂಕ್ಸ್ ಎಂದಳೋ, ಅವಳಿಗೆ ನೆನಪಿಲ್ಲ. ಬೆಳಗಿನಿಂದ ಅವಳು ಒಂದು ಗಳಿಗೆಯೂ ಕೂತಿರಲಿಲ್ಲ. ಹಿಂದೆ ಮೆತ್ತಗೆ, ಎತ್ತರವಾಗಿ, ಬಿಳಿಯಾಗಿ ಏನೋ ಇತ್ತು. ಅವಳು ಅದರ ಮೇಲೆ ಕುಸಿದು ಕೂತಳು. ಕೂತದ್ದು ಹಿತವೆನಿಸಿತು. ಕಣ್ಣು ಮುಚ್ಚಿದಳು.

ಕೆಳಗಿನಿಂದ ಅತ್ತೆಯ ದನಿ ಮೆಟ್ಟಿಲು ಹತ್ತಿ ಬರುತ್ತಿತ್ತು: ಜರಡಿ ಸಿಕ್ಕಿತೇ, ಎಣ್ಣೆ ಇನ್ನೂ ಹಾಗೇ ಕಾಯುತ್ತಿದೆ.

"ಏಳೇ, ಏಳು," ಎಂದಳು ಇಸ್ತ್ರಿ ಅಕ್ಕ, ಅವಳ ಕೈ ಹಿಡಿದು ಎಳೆಯುತ್ತ. "ಅದು ಈಗಷ್ಟೇ ಗಂಜಿಯಲ್ಲಿ ಅದ್ದಿ ಇಟ್ಟ ಮೇಜುಬಟ್ಟೆ. ಅಂಟ್ಕೊಂಡ್ರೆ ಬಿಡಲ್ಲ."

ಅಕ್ಕ ಎಳೆದಳು. ಜರಡಿ ಮೇಡಂ ಎದ್ದಳು. ಮೇಜುಬಟ್ಟೆಯೂ ಎದ್ದಿತು.